ಇಲಿಪಾಷಾಣವೂ ಮನೆಯ ನಾಯಿಯೂ

ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಬಿಡತೊಡಗಿದ ಮೇಲೆ, ಎಡದಂಡೆಯ ಕಾಲುವೆ ಹರಿದೆಡೆಯಲ್ಲೆಲ್ಲ, ಜೋಳ ಸಜ್ಜೆ ಹತ್ತಿಗಳನ್ನು ಬೆಳೆಯುತ್ತಿದ್ದ ಸಿಂಧನೂರು ಮಸ್ಕಿ ಸೀಮೆಯ ಎರೆಭೂಮಿ ಕ್ರಮೇಣ ನೆಲ್ಲಿನ ಗದ್ದೆಯಾಗಿ ಪರಿಣಮಿಸಿತು. ಮಳೆಯ ಕೃಪೆಯನ್ನೇ ಕಾಯುತ್ತಿದ್ದ ರೈತನ ಬಾಳಿಗೆ ಈ ನೀರು ಎಂತಹ ಆಧಾರವಾಯಿತೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆದರೆ ವರ್ಷದ ಬಹುಕಾಲ ತೇವ ಆರದ ಬದುಗಳೂ, ಒಂದು ಪೈರಿನ ಬೆನ್ನಿಗೆ ಬರುವ ಇನ್ನೊಂದು ಪೈರೂ, ಊರುಗಳ ಸುತ್ತ ಎದ್ದ ಅಕ್ಕಿಗಿರಣಿಗಳೂ ಮನುಷ್ಯನಿಗೆ ಎಷ್ಟು ಹಿತವೋ ಮೂಷಿಕಕುಲಕ್ಕೂ ಅಷ್ಟೇ ಹಿತವಾಗಿ ಪರಿಣಮಿಸಿದವು. ಗದ್ದೆಯ ಹೆಗ್ಗಣವು ಪೈರಿನ ದಂಟನ್ನು ಬುಡದಲ್ಲಿ ಕತ್ತರಿಸಿ, ತಿಂದು ಮಿಕ್ಕ ತೆನೆಯನ್ನು ಬಿಲದೊಳಗೆ ಕೂಡಿಟ್ಟುಕೊಳ್ಳುವ ಪ್ರಾಣಿ. ಅದರ ಹಾವಳಿಯನ್ನು ಕಂಡ ರೈತನು ಗೊಬ್ಬರದ ಅಂಗಡಿಗೆ ಹೋಗಿ ಇಲಿಪಾಷಾಣವನ್ನು ಕೊಂಡುತಂದರೆ ಅವನನ್ನು ದೂರುವವರು ಯಾರು? ಸಂಕಟವಿರುವುದು ಇಷ್ಟರಲ್ಲಿ: ಹೆಗ್ಗಣಕ್ಕೆಂದು ನುಚ್ಚು ಎಣ್ಣೆಗಳಲ್ಲಿ ಕಲಸಿಟ್ಟ ತುತ್ತನ್ನು ಹೆಗ್ಗಣವೇ ತಿನ್ನಬೇಕೆಂಬ ಕಟ್ಟಳೆ ಇಲ್ಲ, ಹೊಲದ ಮನೆಯ ಅಂಗಳದಲ್ಲಿ ರಾತ್ರಿಯೆಲ್ಲ ಕಾವಲಿದ್ದು, ಬೆಳಗಿನ ಜಾವ ಬದುವಿನುದ್ದಕ್ಕೂ ಮೂಸುತ್ತ ಸುತ್ತಿಬರುವ ನಾಯಿಗೆ ಆ ತುತ್ತಿನ ವಾಸನೆ ಹೆಗ್ಗಣಕ್ಕಿಂತ ಮೊದಲೇ ತಿಳಿಯುತ್ತದೆ.

ಹೀಗೆ ವಿಷವುಂಡ ನಾಯಿಯನ್ನು ಎತ್ತಿಕೊಂಡು ದನದ ದವಾಖಾನೆಗೆ ಬರುವವರು ಈ ಸೀಮೆಯಲ್ಲಿ ಆಡುವ ಮಾತು ಬಹುಮಟ್ಟಿಗೆ ಒಂದೇ: “ನಿನ್ನಿ ತನಕ ಚಲೋ ಇತ್ರಿ, ರೊಟ್ಟಿನೂ ತಿಂದಿತ್ತು, ಮುಂಜಾನಿಂದ ಏಳವಲ್ದು.” ಈ ಮಾತಿನಲ್ಲಿ ಸುಳ್ಳಿಲ್ಲ, ಅಲಕ್ಷ್ಯವೂ ಇಲ್ಲ. ನಿನ್ನೆಯವರೆಗೆ ನಾಯಿ ನೋಡುವವರ ಕಣ್ಣಿಗೆ ನಿಜವಾಗಿಯೂ ಸ್ವಸ್ಥವಾಗಿಯೇ ಇತ್ತು. ಇಲಿಪಾಷಾಣದ ಒಂದು ಮುಖ್ಯ ಬಗೆಯಲ್ಲಿ ವ್ಯಾಧಿಯು ಕಣ್ಣಿಗೆ ಕಾಣುವುದಕ್ಕೆ ಮೂರು ನಾಲ್ಕು ದಿನ ಮೊದಲೇ ಆರಂಭವಾಗಿರುತ್ತದೆ. ಅಂತೆಯೇ, ಚಿಕಿತ್ಸೆ ಫಲಿಸಿದ ಮೇಲೆ, ನಾಯಿ ಪೂರ್ಣ ಗುಣವಾಯಿತೆಂದು ಕಣ್ಣಿಗೆ ತೋರಿದ ಎಷ್ಟೋ ವಾರಗಳ ತರುವಾಯ ಮಾತ್ರ ಆ ವ್ಯಾಧಿ ದೇಹವನ್ನು ಬಿಟ್ಟುಹೋಗುತ್ತದೆ. ಆದಿಯಲ್ಲಿಯೂ ಅಂತ್ಯದಲ್ಲಿಯೂ ಕಣ್ಣಿನ ಸಾಕ್ಷ್ಯವನ್ನು ನಂಬಲಾಗದೆಂಬ ಈ ಒಂದು ಸಂಗತಿಯನ್ನು ಮನೆಯವರು ಅರಿತಿದ್ದರೆ, ಇಂದು ಸಾಯುತ್ತಿರುವ ನಾಯಿಗಳಲ್ಲಿ ಅನೇಕವು ಬದುಕತಕ್ಕವೆಂಬುದು ನನ್ನ ದೃಢವಾದ ನಂಬಿಕೆ.

ಮೊದಲು ವಿಷದ ಜಾತಿಯನ್ನು ತಿಳಿಯಬೇಕು. ಅಂಗಡಿಯಲ್ಲಿ ಎಲ್ಲವನ್ನೂ ಇಲಿಪಾಷಾಣವೆಂದೇ ಕೇಳಿ ತರುತ್ತೇವಾದರೂ, ಪೊಟ್ಟಣದೊಳಗಿನ ವಸ್ತುಗಳ ಸ್ವಭಾವ ಪರಸ್ಪರ ಭಿನ್ನ. ಬೂದುಗಪ್ಪು ಬಣ್ಣದ, ಬೆಳ್ಳುಳ್ಳಿಯನ್ನು ಹೋಲುವ ವಾಸನೆಯ ಪುಡಿಯು ಜಿಂಕ್ ಫಾಸ್ಫೈಡ್. ಇದು ಜಠರದ ಆಮ್ಲವನ್ನು ಕೂಡಿದೊಡನೆ ಫಾಸ್ಫೀನ್ ಎಂಬ ವಿಷಾನಿಲವಾಗಿ ಹೃದಯ, ಶ್ವಾಸಕೋಶ, ಯಕೃತ್ತುಗಳನ್ನು ಕೆಲವೇ ಗಂಟೆಗಳಲ್ಲಿ ಘಾತಿಸುತ್ತದೆ, ಇದಕ್ಕೆ ಪ್ರತ್ಯೌಷಧವಿಲ್ಲ. ಆಹಾರ ಬಿದ್ದಷ್ಟೂ ಜಠರದಲ್ಲಿ ಆಮ್ಲ ಸ್ರವಿಸುವುದಾದ್ದರಿಂದ, ಮಮತೆಯಿಂದ ತಿನ್ನಿಸಿದ ಹಾಲುಅನ್ನವೇ ಇಲ್ಲಿ ಅನಿಲವನ್ನು ಹೆಚ್ಚಿಸುತ್ತದೆ. ಆದಕಾರಣ ವೈದ್ಯರು ಆಮ್ಲಶಾಮಕವನ್ನು ಕೊಟ್ಟು, ಅನಂತರ ವಾಂತಿಯಾಗುವಂತೆ ಮಾಡುತ್ತಾರೆ. ವಾಂತಿಯೊಡನೆ ಹೊರಬರುವ ಅನಿಲವು ಸುತ್ತ ನಿಂತ ಮನುಷ್ಯರಿಗೂ ಅಪಾಯಕರ. ನಾಯಿಯನ್ನು ಮುಚ್ಚಿದ ಕೋಣೆಯಲ್ಲಿರಿಸದೆ ಬಯಲಿನಲ್ಲಿರಿಸಬೇಕು, ಕಾರಿನಲ್ಲಿ ಒಯ್ಯುವಾಗ ಕಿಟಕಿಗಳನ್ನು ತೆರೆದಿರಬೇಕು. ಎರಡನೆಯದಾದ ಹಳದಿ ರಂಜಕದ ಮಲಾಮು ಯಕೃತ್ತನ್ನು ಕೆಡಿಸುವಂಥದು. ಎಣ್ಣೆ ತುಪ್ಪಗಳನ್ನು ಕುಡಿಸಿದರೆ ಅದು ಮತ್ತಷ್ಟು ಬೇಗ ಮೈಗೂಡುತ್ತದೆ. ಇವೆರಡರಲ್ಲಿಯೂ ವೈದ್ಯರ ಕೈಯಲ್ಲಿರುವುದು ದೇಹಕ್ಕೆ ಆಸರೆಯಾಗತಕ್ಕ ಶುಶ್ರೂಷೆಯೊಂದೇ. ಮೂರನೆಯದು, ಇಂದು ಎಲ್ಲೆಡೆಯೂ ಮೇಣದ ಬಿಲ್ಲೆಯ ರೂಪದಲ್ಲಿ ದೊರೆಯುವ ಬ್ರೋಮಾಡಿಯೋಲೋನ್. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕಳೆಯುವುದು ಇದರ ಕಾರ್ಯ. ನಿಶ್ಚಿತವಾದ ಪ್ರತ್ಯೌಷಧ ಇರುವುದು ಇದಕ್ಕೊಂದಕ್ಕೇ. ಆದ್ದರಿಂದ, ನಾಯಿ ವಿಷ ತಿಂದಿತೆಂಬ ಸಂಶಯ ಬಂದೊಡನೆ ಮಾಡತಕ್ಕ ಮೊದಲನೆಯ ಕೆಲಸವೆಂದರೆ ಪೊಟ್ಟಣವನ್ನೋ, ಹರಿದ ಕಾಗದವನ್ನೋ, ಕಚ್ಚಿ ಉಳಿದ ಬಿಲ್ಲೆಯ ಚೂರನ್ನೋ ಹುಡುಕಿ ನಾಯಿಯೊಡನೆ ಒಯ್ಯುವುದು.

ಈ ಮೂರನೆಯ ವಿಷದ ಜನ್ಮಕಥೆ ಬಹಳ ವಿಚಿತ್ರವಾದದ್ದು. ಅದನ್ನು ತಿಳಿಯದೆ ನಾಯಿಯ ಚೇತರಿಕೆಯ ಕ್ರಮವೂ ಸ್ಪಷ್ಟವಾಗದು. 1920ರ ದಶಕದಲ್ಲಿ ಕೆನಡಾ ಹಾಗೂ ಅಮೆರಿಕದ ಉತ್ತರ ಪ್ರಾಂತಗಳಲ್ಲಿ ದನಗಳು ಕಾರಣವಿಲ್ಲದೆ ರಕ್ತ ಸ್ರವಿಸಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ, ಹೋರಿಗಳ ಬೀಜ ತೆಗೆದರೆ, ಹರಿಯತೊಡಗಿದ ರಕ್ತ ನಿಲ್ಲುತ್ತಲೇ ಇರಲಿಲ್ಲ. ಫ್ರಾಂಕ್ ಸ್ಕೋಫೀಲ್ಡ್ ಎಂಬ ಪಶುವೈದ್ಯರು ಈ ಮೃತ್ಯುವಿನ ಮೂಲವನ್ನು ದನಗಳ ಮೇವಿನಲ್ಲಿ, ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲಿನಲ್ಲಿ ಕಂಡರು. ಬೂಷ್ಟಿನಲ್ಲಿ ಅಡಗಿದ್ದ ದ್ರವ್ಯ ಯಾವುದೆಂಬುದು ಮಾತ್ರ ತಿಳಿಯದೆ ಉಳಿಯಿತು. 1933ರ ಚಳಿಗಾಲದ ಒಂದು ಶನಿವಾರ, ವಿಸ್ಕಾನ್ಸಿನ್ ಪ್ರಾಂತದ ಎಡ್ ಕಾರ್ಲ್‌ಸನ್ ಎಂಬ ರೈತನು ಹಿಮದ ಬಿರುಗಾಳಿಯಲ್ಲಿ ಸುಮಾರು 300 ಕಿಲೋಮೀಟರು ಗಾಡಿ ನಡೆಸಿಕೊಂಡು, ಸತ್ತ ಒಂದು ಕಡಸನ್ನೂ, ಕೆಟ್ಟ ಹುಲ್ಲಿನ ರಾಶಿಯನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಒಂದು ಹಾಲಿನ ಕ್ಯಾನನ್ನೂ ಹೊತ್ತು ಮ್ಯಾಡಿಸನ್ ನಗರಕ್ಕೆ ಬಂದನು; ಪಶುವೈದ್ಯಾಧಿಕಾರಿಯ ಕಚೇರಿ ಮುಚ್ಚಿದ್ದುದರಿಂದ, ಬಾಗಿಲು ತೆರೆದಿದ್ದ ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದಲ್ಲಿ ಕಾರ್ಲ್ ಪಾಲ್ ಲಿಂಕ್ ಅವರೆದುರು ಆ ಕ್ಯಾನನ್ನು ಇಳಿಸಿದನು. ಕೆಟ್ಟ ಹುಲ್ಲನ್ನು ಹಾಕಬೇಡವೆಂಬುದರ ಹೊರತು ಬೇರೆ ಉತ್ತರ ಲಿಂಕರ ಬಳಿ ಅಂದು ಇರಲಿಲ್ಲ. ಆದರೆ ಆ ದುಃಖಿತನಾದ ರೈತನನ್ನು ಬರಿಗೈಯಲ್ಲಿ ಕಳುಹಿಸಿದ ಕೊರಗು ಆ ಪ್ರಯೋಗಶಾಲೆಯನ್ನು ಬಿಡಲಿಲ್ಲ: ಆರು ವರ್ಷಗಳ ಶ್ರಮದ ಫಲವಾಗಿ 1939ರಲ್ಲಿ ಲಿಂಕರ ಶಿಷ್ಯ ಹೆರಾಲ್ಡ್ ಕ್ಯಾಂಪ್‌ಬೆಲ್ ಆ ದ್ರವ್ಯವನ್ನು ಸ್ಫಟಿಕರೂಪದಲ್ಲಿ ಬೇರ್ಪಡಿಸಿದರು, ಅದಕ್ಕೆ ಡೈಕೂಮರಾಲ್ ಎಂದು ಹೆಸರಾಯಿತು. ಅದೇ ವರ್ಗದ ಅನೇಕ ಸಂಯುಕ್ತಗಳನ್ನು ಲಿಂಕರ ಬಳಗ ಮುಂದೆ ತಯಾರಿಸಿತು. ಅವುಗಳ ಸಾಲಿನ 42ನೆಯದೇ ವಾರ್ಫರಿನ್. 1948ರಲ್ಲಿ ಇದು ಇಲಿಪಾಷಾಣವಾಗಿ ಪೇಟೆಗೆ ಬಂದಿತು. 1954ರಲ್ಲಿ ಮನುಷ್ಯರಿಗೆ ಔಷಧವಾಗಿಯೂ ಅಂಗೀಕೃತವಾಯಿತು. ಮರುವರ್ಷ ಹೃದಯಾಘಾತಕ್ಕೊಳಗಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು. ದನದ ಕೊಟ್ಟಿಗೆಯ ದುಃಖವೊಂದು ಅಂತಃಕರಣವುಳ್ಳ ಒಬ್ಬ ವಿದ್ವಾಂಸನ ಮುಂದೆ ಬಂದು ನಿಂತದ್ದರಿಂದ ಲೋಕಕ್ಕೆ ಎಷ್ಟು ಲಭಿಸಿತೆಂಬುದನ್ನು ನೆನೆದಾಗ ಮನಸ್ಸು ತುಂಬಿಬರುತ್ತದೆ.

ಇಲಿಯನ್ನು ಕೊಲ್ಲುವುದಕ್ಕೆ ಈ ವರ್ಗದ ವಿಷವೇ ಏಕೆ ಅಷ್ಟು ಸಮರ್ಥವಾಯಿತು? ಇಲಿ ಬಹಳ ಶಂಕೆಯ ಪ್ರಾಣಿ. ಅದಕ್ಕೆ ವಾಂತಿ ಮಾಡುವ ಸಾಮರ್ಥ್ಯವಿಲ್ಲ, ತಿಂದದ್ದನ್ನು ಹೊರಹಾಕಲಾರದ ಕಾರಣ ಹೊಸ ತಿಂಡಿಯನ್ನು ಮೊದಲು ಕಿಂಚಿತ್ತಾಗಿ ರುಚಿನೋಡಿ, ಹೊಟ್ಟೆ ಕೆಟ್ಟರೆ ಮತ್ತೆಂದೂ ಮುಟ್ಟುವುದಿಲ್ಲ. ಜಿಂಕ್ ಫಾಸ್ಫೈಡನ್ನು ಬಳಸುವ ರೈತನು ಮೊದಲ ಎರಡು ಮೂರು ದಿನ ವಿಷವಿಲ್ಲದ ತುತ್ತನ್ನಿಟ್ಟು ಹೆಗ್ಗಣವನ್ನು ನಂಬಿಸಬೇಕಾದದ್ದು ಇದರಿಂದಲೇ. ನಿಧಾನವಾಗಿ ಕೆಲಸ ಮಾಡುವ ವಿಷಕ್ಕೆ ಈ ಉಪಾಯ ಬೇಡ. ಇಂದು ತಿಂದದ್ದರ ಫಲ ನಾಲ್ಕನೆಯ ದಿನ ಬರುವುದಾದರೆ, ತಿಂಡಿಗೂ ಸಾವಿಗೂ ಇರುವ ಸಂಬಂಧ ಇಲಿಗೆ ತಿಳಿಯುವ ಬಗೆಯೆಂತು? ಇಲಿಯನ್ನು ವಂಚಿಸುವ ಆ ವಿಳಂಬವೇ ನಾಯಿಯ ಯಜಮಾನನನ್ನೂ ವಂಚಿಸುತ್ತದೆ; ಆದರೆ ಪೊಟ್ಟಣವನ್ನು ಗುರುತಿಸಿ ಎಚ್ಚೆತ್ತವನಿಗೆ ಅದೇ ವಿಳಂಬವು ಅಮೂಲ್ಯವಾದ ಅವಕಾಶವಾಗುತ್ತದೆ. ಜಿಂಕ್ ಫಾಸ್ಫೈಡು ಕೊಡದ ಎರಡು ಮೂರು ದಿನಗಳನ್ನು ಬ್ರೋಮಾಡಿಯೋಲೋನ್ ಕೊಡುತ್ತದೆ.

ಆ ದಿನಗಳಲ್ಲಿ ದೇಹದೊಳಗೆ ನಡೆಯುವುದು ಇದು. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಅನೇಕ ಪ್ರೋಟೀನುಗಳ ಸಹಯೋಗದಿಂದ. ಅವುಗಳಲ್ಲಿ 2, 7, 9, 10ನೆಯ ಅಂಶಗಳೆಂದು ಕರೆಯಿಸಿಕೊಳ್ಳುವ ನಾಲ್ಕನ್ನು ಯಕೃತ್ತು ಸಿದ್ಧಗೊಳಿಸಬೇಕಾದರೆ ಜೀವಸತ್ವ ‘ಕೆ’ ಅವಶ್ಯ. ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಅವರು ಮೇದಸ್ಸಿಲ್ಲದ ಆಹಾರವನ್ನುಂಡ ಕೋಳಿಮರಿಗಳು ರಕ್ತಸ್ರಾವದಿಂದ ಸಾಯುವುದನ್ನು ಕಂಡು ಅರಸುತ್ತ ಹೋಗಿ ಪಡೆದ ಜೀವಸತ್ವ ಅದು. ಅದಕ್ಕಾಗಿ ಅವರಿಗೂ ಅಮೆರಿಕದ ಎಡ್ವರ್ಡ್ ಡಾಯ್ಸಿ ಅವರಿಗೂ 1943ರ ನೊಬೆಲ್ ಪಾರಿತೋಷಕ ಸಂದಿತು. ಯಕೃತ್ತು ಒಮ್ಮೆ ಬಳಸಿದ ಈ ಜೀವಸತ್ವವನ್ನು ಬಿಸುಡದೆ, ಒಂದು ಕಿಣ್ವದ ನೆರವಿನಿಂದ ಮತ್ತೆ ಮತ್ತೆ ನವೀಕರಿಸಿ ಬಳಸುತ್ತದೆ. ಆ ಕಿಣ್ವವನ್ನು ತಡೆಯುವುದೇ ವಾರ್ಫರಿನ್, ಬ್ರೋಮಾಡಿಯೋಲೋನುಗಳ ಕಾರ್ಯ. ಹೀಗೆ ತಯಾರಿ ನಿಂತರೂ, ರಕ್ತದಲ್ಲಿ ಅದಾಗಲೇ ಸಂಚರಿಸುತ್ತಿರುವ ಅಂಶಗಳು ಸವೆಯುವ ತನಕ ನಾಯಿಗೆ ಯಾವ ಬಾಧೆಯೂ ತೋರದು. ಅದು ಉಣ್ಣುತ್ತದೆ, ಓಡುತ್ತದೆ, ಬಾಲವಾಡಿಸುತ್ತದೆ. ಮೂರರಿಂದ ಐದನೆಯ ದಿನದ ಸುಮಾರಿಗೆ ಮೊದಲ ಲಕ್ಷಣಗಳು ಕಾಣುವವು. ಅವು ಕೂಡ ನಾವು ನಿರೀಕ್ಷಿಸುವ ರೂಪದಲ್ಲಿ ಬಾರವು. ಹೊರಗೆ ಒಂದು ಹನಿ ರಕ್ತವೂ ಕಾಣದೆ ಎದೆಯ ಗೂಡಿನೊಳಗೆ ರಕ್ತ ತುಂಬಿ ನಾಯಿ ಕೆಮ್ಮುತ್ತ ಏದುಸಿರು ಬಿಡುವುದುಂಟು. ಕೀಲಿನೊಳಗೆ ಸುರಿದು ಕುಂಟುವುದುಂಟು. ಮಲ ಡಾಂಬರಿನಂತೆ ಕಪ್ಪಾಗುವುದುಂಟು. ತುಟಿಯನ್ನೆತ್ತಿ ನೋಡಿದಾಗ ಒಸಡು ಕೆಂಪಳಿದು ಬಿಳಿಚಿದ್ದರೆ, ಆ ಬಳಿಕ ಒಂದು ಗಂಟೆಯನ್ನೂ ಕಳೆಯಲಾಗದು.

ಮೂಗಿನಿಂದ ರಕ್ತ ಸುರಿಸುತ್ತ ಬಂದ ನಾಯಿಯನ್ನು ನೋಡಿದ ಪಶುವೈದ್ಯನು ನಮ್ಮ ಈ ಬಿಸಿಲ ನಾಡಿನಲ್ಲಿ ಮೊದಲು ಶಂಕಿಸುವುದು ಉಣ್ಣೆಯಿಂದ ಬರುವ ಎರ್ಲಿಕಿಯೋಸಿಸ್ ಜ್ವರವನ್ನು. ಅದು ನ್ಯಾಯವೂ ಹೌದು, ಏಕೆಂದರೆ ಅದೇ ಇಲ್ಲಿ ಹೆಚ್ಚು. ಗದ್ದೆಯ ಬದುವಿನಲ್ಲಿ ಮಂಡಲದ ಹಾವು ಕಡಿದಾಗಲೂ ರಕ್ತ ಹೆಪ್ಪುಗಟ್ಟದು. ಈ ಮೂರರೊಳಗೆ ಯಾವುದೆಂಬುದನ್ನು ನಿರ್ಣಯಿಸುವಲ್ಲಿ ಮನೆಯವರ ಒಂದು ಮಾತು, ಮೊನ್ನೆ ಕಣಜದ ಹಿಂದೆ ಬಿಲ್ಲೆಯಿಟ್ಟಿದ್ದೆವೆಂಬ ನೆನಪು, ಯಂತ್ರಗಳಿಗಿಂತ ಮಿಗಿಲಾದ ಸಹಾಯ ಮಾಡುತ್ತದೆ. ಇಟ್ಟವರು ನೆರೆಹೊಲದವರಾದರೆ ಅವರನ್ನೂ ಕೇಳಬೇಕು. ದೂಷಣೆಗೆ ಹೆದರಿ ಅವರು ಮರೆಮಾಚದಂತೆ ಕೇಳುವ ಸೌಜನ್ಯವೂ ಬೇಕು. ರಕ್ತ ಹೆಪ್ಪುಗಟ್ಟುವ ಕಾಲವನ್ನಳೆಯುವ ಪ್ರೋಥ್ರಾಂಬಿನ್ ಪರೀಕ್ಷೆಯು ವಾರ್ಫರಿನ್ ವರ್ಗದ ಔಷಧವನ್ನು ಸೇವಿಸುವ ಹೃದ್ರೋಗಿಗಳಿಗೆ ಮಾಡುವಂಥದೇ. ಅದಕ್ಕೂ ಅನುಕೂಲವಿಲ್ಲದೆಡೆ ಶುದ್ಧವಾದ ಗಾಜಿನ ನಳಿಗೆಯಲ್ಲಿ ತುಸು ರಕ್ತವನ್ನು ತೆಗೆದು 20 ನಿಮಿಷ ಅಲುಗಿಸದೆ ಇಡುವ, ಹಾವು ಕಡಿದವರಿಗೆ ಮಾಡುವ ಪರೀಕ್ಷೆಯಿಂದಲೂ ಸಂದೇಹ ಬಹಳಮಟ್ಟಿಗೆ ತೀರುತ್ತದೆ. ಕಾರ್ಲ್‌ಸನ್ನನ ಹಾಲಿನ ಕ್ಯಾನು ಹೇಳಿದ್ದನ್ನೇ ಆ ನಳಿಗೆಯೂ ಹೇಳುತ್ತದೆ.

ಇನ್ನು ಚಿಕಿತ್ಸೆ. ತಿಂದದ್ದನ್ನು ಕಣ್ಣಾರೆ ಕಂಡು, ಎರಡು ಮೂರು ಗಂಟೆಗಳೊಳಗೆ ದವಾಖಾನೆಗೆ ತಲುಪಿಸಿದರೆ ವೈದ್ಯರು ಚುಚ್ಚುಮದ್ದಿನಿಂದ ವಾಂತಿ ಮಾಡಿಸಿ, ಮೇಲೆ ಕ್ರಿಯಾಶೀಲ ಇದ್ದಿಲನ್ನು ಕೊಟ್ಟು, ವಿಷದ ಬಹುಭಾಗವನ್ನು ಮೈಗೂಡುವುದಕ್ಕೆ ಮೊದಲೇ ಹೊರಗೆಡಹುತ್ತಾರೆ. ಮನೆಯಲ್ಲಿ ಉಪ್ಪುನೀರು ಕುಡಿಸುವ ಪದ್ಧತಿ ನಮ್ಮಲ್ಲಿ ಪ್ರಬಲವಾಗಿದೆ. ಅದನ್ನು ಬಿಡಬೇಕು, ಏತಕ್ಕೆಂದರೆ ವಾಂತಿಯಾಗದೆ ಉಳಿದ ಉಪ್ಪು ತಾನೇ ಪ್ರಾಣಾಂತಕವಾಗುತ್ತದೆ. ಬಲವಂತವಾಗಿ ಗಂಟಲಿಗೆ ಸುರಿದ ಎಣ್ಣೆಯೂ ಮಜ್ಜಿಗೆಯೂ ಶ್ವಾಸಕೋಶಕ್ಕೆ ಇಳಿಯುವುದುಂಟು. ದೂರದ ಹಳ್ಳಿಯವರಿಗೆ 1962 ಸಂಖ್ಯೆಯ ಪಶುವೈದ್ಯ ಸಹಾಯವಾಣಿ ಇದೆ. ವಾಂತಿಯ ಕಾಲ ಮೀರಿದ್ದರೆ ಉಳಿದ ಆಶ್ರಯ ಜೀವಸತ್ವ ‘ಕೆ1’. ನಾಯಿಯ ತೂಕದ ಕಿಲೋಗ್ರಾಮಿಗೆ ದಿನವೊಂದಕ್ಕೆ 2.5ರಿಂದ 5 ಮಿಲಿಗ್ರಾಮಿನ ಪ್ರಮಾಣದಲ್ಲಿ, ವೈದ್ಯರ ನಿರ್ದೇಶದಂತೆ, ಮೇದಸ್ಸುಳ್ಳ ಆಹಾರದೊಡನೆ ಕೊಡತಕ್ಕದ್ದು. ವಿಷ ಬ್ರೋಮಾಡಿಯೋಲೋನೇ ಎಂದು ಖಚಿತವಾದ ಮೇಲೆ ಮೇದಸ್ಸು ಹಾನಿಯಲ್ಲ. ಔಷಧವು ಅದರೊಡನೆಯೇ ಚೆನ್ನಾಗಿ ಮೈಗೂಡುವುದು. ಅಗ್ಗವಾಗಿ ದೊರೆಯುವ ‘ಕೆ3’ ಇಲ್ಲಿ ನಿಷ್ಪ್ರಯೋಜಕ. ಪಾಲಕ್ ಸೊಪ್ಪಿನಲ್ಲಿ ‘ಕೆ1’ ಉಂಟೆಂದು ಸೊಪ್ಪನ್ನೇ ಬೇಯಿಸಿಹಾಕಿ ತೃಪ್ತರಾಗುವುದೂ ಸಲ್ಲದು.

ಔಷಧ ಕೊಟ್ಟ ಕ್ಷಣದಲ್ಲಿಯೇ ರಕ್ತ ನಿಲ್ಲುವುದಿಲ್ಲ. ಯಕೃತ್ತು ಹೊಸ ಅಂಶಗಳನ್ನು ರಚಿಸಿ ರಕ್ತಕ್ಕೆ ಬಿಡುವುದಕ್ಕೆ ಅರ್ಧ ದಿನದಷ್ಟಾದರೂ ಹಿಡಿಯುತ್ತದೆ. ಅಷ್ಟರವರೆಗೆ ತಾಳಲಾರದ ನಾಯಿಗೆ ಬೇರೊಂದು ನಾಯಿಯ ರಕ್ತವನ್ನೇ ಕೊಡಬೇಕಾಗುತ್ತದೆ. ಚೆನ್ನೈಯ ಮದ್ರಾಸ್ ಪಶುವೈದ್ಯ ಕಾಲೇಜಿನಲ್ಲಿ ಪ್ರಾಣಿಗಳಿಗೆಂದೇ ರಕ್ತಭಂಡಾರವುಂಟು; ಅಂತಹ ಸೌಕರ್ಯವಿಲ್ಲದೆಡೆ, ದೃಢಕಾಯವಾದ, ರೋಗರಹಿತವಾದ ಇನ್ನೊಂದು ನಾಯಿಯಿಂದ ನೇರವಾಗಿ ತೆಗೆದ ತಾಜಾ ರಕ್ತವನ್ನು ಏರಿಸುತ್ತಾರೆ. ಮನುಷ್ಯರಲ್ಲಿರುವಂತೆ ಅನ್ಯ ರಕ್ತವರ್ಗಕ್ಕೆ ಪ್ರಬಲವಾದ ಸಹಜ ವಿರೋಧವು ನಾಯಿಗಳಲ್ಲಿ ಇಲ್ಲವಾದ್ದರಿಂದ ಮೊದಲನೆಯ ಸಲದ ರಕ್ತದಾನ ಪ್ರಾಯಶಃ ನಿರುಪದ್ರವ. ಪಕ್ಕದ ಮನೆಯ ನಾಯಿ ತನ್ನ ರಕ್ತದಿಂದ ಇನ್ನೊಂದನ್ನು ಬದುಕಿಸಬಲ್ಲದೆಂಬುದನ್ನು ನಮ್ಮ ಹಳ್ಳಿಗಳಲ್ಲಿ ಇನ್ನೂ ಹೆಚ್ಚು ಜನ ತಿಳಿಯಬೇಕು.

ಇಷ್ಟಾದ ಮೇಲೆ ಎರಡನೆಯ ವಂಚನೆ ಆರಂಭವಾಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ಒಸಡು ಕೆಂಪೇರುತ್ತದೆ, ನಾಯಿ ಎದ್ದು ನಿಲ್ಲುತ್ತದೆ, ರೊಟ್ಟಿಗೆ ಕೈನೆಕ್ಕುತ್ತದೆ. ಮನೆಯವರು ದೇವರಿಗೆ ಕಾಯೊಡೆದು, ಗುಳಿಗೆಯನ್ನು ನಿಲ್ಲಿಸಿಬಿಡುತ್ತಾರೆ. ಮತ್ತೆ ನಾಲ್ಕಾರು ದಿನಕ್ಕೆ ಅದೇ ನಾಯಿ ಅದೇ ವ್ಯಾಧಿಯಿಂದ ಬೀಳುತ್ತದೆ. ಕಾರಣವನ್ನು ಇತಿಹಾಸದಲ್ಲಿಯೇ ಅರಸಬೇಕು. ವಾರ್ಫರಿನ್ನಿಗೆ ಬಗ್ಗದ ಇಲಿಗಳು 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಮೊದಲು ಕಾಣಿಸಿಕೊಂಡವು. ಅವುಗಳನ್ನು ಗೆಲ್ಲುವುದಕ್ಕೋಸ್ಕರ ರಚಿಸಿದ ಎರಡನೆಯ ಪೀಳಿಗೆಯ ವಿಷಗಳೇ ಬ್ರೋಮಾಡಿಯೋಲೋನ್, ಬ್ರೋಡಿಫೇಕಮ್‌ಗಳು. ವಾರ್ಫರಿನ್ ದೇಹವನ್ನು ಬೇಗ ಬಿಡುತ್ತಿತ್ತು; ಅದಕ್ಕೆ ಎರಡು ವಾರದ ಔಷಧ ಸಾಕಾಗುತ್ತಿತ್ತು. ಈ ಹೊಸ ವಿಷವಾದರೋ, ಹಿಂದಿನವರು ಹಗೇವಿನಲ್ಲಿ ಜೋಳ ತುಂಬಿ ಮೇಲೆ ಮಣ್ಣು ಮುಚ್ಚಿದಂತೆ, ಯಕೃತ್ತಿನೊಳಗೆ ಸೇರಿಕೊಂಡು ವಾರಗಟ್ಟಲೆ ಕುಳಿತಿರುತ್ತದೆ. ಹೊರಗಿನಿಂದ ಜೀವಸತ್ವ ಬರುತ್ತಿರುವ ತನಕ ಅದರ ಆಟ ನಡೆಯದು, ಬರುವುದು ನಿಂತೊಡನೆ ಮತ್ತೆ ತೊಡಗುವುದು. ಆದ್ದರಿಂದ ಮೂರರಿಂದ ನಾಲ್ಕು ವಾರ, ನಾಯಿ ಎಷ್ಟೇ ಚಟುವಟಿಕೆಯಿಂದಿರಲಿ, ಒಂದು ದಿನವೂ ತಪ್ಪದೆ ಗುಳಿಗೆ ನಡೆಯಬೇಕು. ಕೊನೆಯ ಗುಳಿಗೆಯಾದ 48ರಿಂದ 72 ಗಂಟೆಗಳೊಳಗೆ ರಕ್ತವನ್ನು ಮತ್ತೆ ಪರೀಕ್ಷಿಸಬೇಕು. ಹೆಪ್ಪುಗಟ್ಟುವ ಕಾಲ ನೀಳವಾಗಿದ್ದರೆ ಇನ್ನೂ ಕೆಲವು ವಾರ ಮುಂದುವರಿಸಬೇಕು. ನಿಜವಾದ ಗುಣವು ಆ ಪರೀಕ್ಷೆಯಿಂದಲೇ ತಿಳಿಯತಕ್ಕದ್ದು.

ಇದು ಬಡವನಿಗೆ ಸುಲಭವೆಂದು ನಾನು ಹೇಳಲಾರೆ. ಹುಟ್ಟಿದ ಪ್ರತಿಯೊಂದು ಶಿಶುವಿಗೂ ಆಸ್ಪತ್ರೆಯಲ್ಲಿ ಕೊಡುವ ‘ಕೆ1’ ಚುಚ್ಚುಮದ್ದು 1 ಮಿಲಿಗ್ರಾಮಿನದು. 20 ಕಿಲೋಗ್ರಾಮು ತೂಗುವ ನಾಯಿಗೆ ಒಂದೊಂದು ದಿನಕ್ಕೆ 50ರಿಂದ 100 ಮಿಲಿಗ್ರಾಮು, ಅದೂ ತಿಂಗಳ ತನಕ ಬೇಕು. ಇಲಿಪಾಷಾಣವು ಮೂಲೆಮೂಲೆಯ ಅಂಗಡಿಯಲ್ಲಿ ದೊರೆಯುವ ಸೀಮೆಯಲ್ಲಿ ಅದರ ಪ್ರತ್ಯೌಷಧವೂ ಅಷ್ಟೇ ಹತ್ತಿರದಲ್ಲಿ ದೊರೆಯಬೇಕೆಂಬುದು ಅತ್ಯಾಶೆಯಲ್ಲ. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರನ ಕಣ್ಣಿಗೆ ಬಿದ್ದು, ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಲೋಕಕ್ಕೆ ತಿಳಿಸಿಕೊಟ್ಟ ಶಾಸನವುಳ್ಳ ಊರು ಮಸ್ಕಿ. ಅದೇ ರಾಜನ ಎರಡನೆಯ ಮಹಾಶಿಲಾಶಾಸನವು, ತುಂಗಭದ್ರೆಯ ಆಚೆಗೆ ಎರ್ರಗುಡಿಯ ಬಂಡೆಗಳ ಮೇಲೆಯೂ ಕೆತ್ತಿರುವಂಥದು, ಮನುಷ್ಯಚಿಕಿತ್ಸೆ ಪಶುಚಿಕಿತ್ಸೆಗಳೆರಡನ್ನೂ ತಾನು ಏರ್ಪಡಿಸಿರುವುದಾಗಿಯೂ, ಮೂಲಿಕೆಗಳು ಎಲ್ಲೆಲ್ಲಿ ಇಲ್ಲವೋ ಅಲ್ಲಲ್ಲಿಗೆ ತರಿಸಿ ನೆಡಿಸಿರುವುದಾಗಿಯೂ ಹೇಳುತ್ತದೆ. ಔಷಧವು ಇಲ್ಲದ ಕಡೆಗೆ ಔಷಧವನ್ನು ಒಯ್ಯುವುದು ಆಳುವವರ ಕರ್ತವ್ಯವೆಂದು ಎರಡು ಸಾವಿರ ವರ್ಷಗಳಿಗೂ ಹಿಂದೆ ಒಪ್ಪಿಕೊಂಡ ನೆಲದಲ್ಲಿ, ನೆಲ್ಲಿನ ಗದ್ದೆಗಳಿರುವ ಪ್ರತಿಯೊಂದು ಹೋಬಳಿಯ ದನದ ದವಾಖಾನೆಯೂ ಒಂದು ನಾಯಿಗೆ ಸಾಕಾಗುವಷ್ಟಾದರೂ ‘ಕೆ1’ ದಾಸ್ತಾನನ್ನು ಇಟ್ಟುಕೊಂಡಿರಬೇಕೆಂದು ಕೇಳುವುದು ಯುಕ್ತವಾಗಿಯೇ ಇದೆ.

ಚಿಕಿತ್ಸೆಯ ಆ ವಾರಗಳಲ್ಲಿ ನಾಯಿಯನ್ನು ಓಟಕ್ಕೂ ಜಗಳಕ್ಕೂ ಬಿಡಬಾರದು. ಸಣ್ಣ ಪೆಟ್ಟೂ ಒಳಗೆ ರಕ್ತವನ್ನು ಸುರಿಸಬಲ್ಲದು. ಅದಕ್ಕಿಂತ ಮುಖ್ಯವಾದದ್ದು, ಅದು ಮೊದಲು ತಿಂದ ವಿಷ ಹೊಲದಲ್ಲಿ ಇನ್ನೂ ಇದೆಯೆಂಬುದು. ಮೇಣದ ಬಿಲ್ಲೆಯಲ್ಲಿರುವ ಬ್ರೋಮಾಡಿಯೋಲೋನ್ ಶೇಕಡಾ 0.005, ಅಂದರೆ ಕಿಲೋಗ್ರಾಮಿಗೆ 50 ಮಿಲಿಗ್ರಾಮು ಮಾತ್ರ. ಒಂದು ಚೂರಿನಿಂದ ದೊಡ್ಡ ನಾಯಿ ಸಾಯುವುದು ಅಪರೂಪ. ಆದರೆ ದಿನದಿನವೂ ಬಂದು ತಿಂದರೆ, ಅಥವಾ ತುತ್ತು ಕಲಸುವುದಕ್ಕೆಂದು ಮಾರುವ, ಇದಕ್ಕಿಂತ ಐವತ್ತು ಪಟ್ಟು ತೀಕ್ಷ್ಣವಾದ ಪುಡಿಯ ಪೊಟ್ಟಣವನ್ನು ಕಚ್ಚಿದರೆ, ಲೆಕ್ಕ ಬೇರೆಯಾಗುತ್ತದೆ. ವಿಷವುಂಡು ತೂಕಡಿಸುತ್ತ ಬಯಲಿಗೆ ಬಂದ ಇಲಿಯನ್ನು ಹಿಡಿದು ನುಂಗಿದ ನಾಯಿಗೂ, ಬೆಕ್ಕಿಗೂ, ರಾತ್ರಿಯ ಗೂಬೆಗೂ ಆ ವಿಷ ದಾಟಿಹೋಗುವುದುಂಟು. ಇಲಿಗಳನ್ನು ಹಿಡಿಯುವ ಕೆಲಸದಲ್ಲಿ ರೈತನಿಗೆ ಗೂಬೆಯಷ್ಟು ನೆರವಾಗುವ ಜೀವ ಬೇರೊಂದಿಲ್ಲದಿರುವಾಗ ಈ ನಷ್ಟ ದೊಡ್ಡದು. ತುತ್ತನ್ನು ಬಿಲದ ಆಳಕ್ಕೆ ತುರುಕಿ ಬಾಯಿಯನ್ನು ಮಣ್ಣಿನಿಂದ ಮುಚ್ಚುವುದು, ಪ್ರತಿದಿನ ಬೆಳಗ್ಗೆ ಬದುವಿನುದ್ದಕ್ಕೂ ನಡೆದು ಸತ್ತ ಇಲಿಗಳನ್ನು ಆಯ್ದು ಆಳವಾಗಿ ಹೂಳುವುದು, ಉಳಿದ ಬಿಲ್ಲೆಗಳನ್ನು ಎಣಿಸಿ ಬೀಗದೊಳಗಿಡುವುದು, ಪೈರು ತೆನೆಗಟ್ಟುವುದಕ್ಕೆ ಮೊದಲೇ ಊರವರೆಲ್ಲ ಒಂದೇ ವಾರದಲ್ಲಿ ಬೋನುಗಳನ್ನಿಟ್ಟು ಹಿಡಿಯುವುದು, ಇವೆಲ್ಲ ಸಾಧ್ಯವಾದ ಕೆಲಸಗಳೇ. ಗುಳಿಗೆ ನಡೆಯುತ್ತಿರುವ ನಾಯಿಯನ್ನು ಅಂಗಳದಲ್ಲಿ ಕಟ್ಟಿ, ಯಜಮಾನನು ಆ ಬದುವಿನ ಮೇಲೆ ಒಮ್ಮೆ ತಾನೇ ನಡೆದುಬರಲಿ. ಬಿಲದ ಬಾಯಲ್ಲಿ ಇನ್ನೂ ಬಿದ್ದಿರುವ ಬಿಲ್ಲೆಗಳನ್ನು ಕೈಗವಸು ತೊಟ್ಟು ಆಯ್ದು ತರಲಿ.